ಎಲ್ಮಾರ್ ರುಪ್ಪನ್ ಸುಮ್ಮನಾದಾಗ

ಮಾತು ಬೆಳ್ಳಿ, ಮೌನ ಬಂಗಾರ ಎನ್ನುವವರು ಬಿರ್ಕೆಗ್‌ಗೆ ಹೋಗಬಾರದು. ಅಲ್ಲಿ ಮೌನವೆಂದರೆ ಕಾಲುವೆ ಒಡೆದಿದೆ ಎಂದು ಅರ್ಥ.

ಸ್ವಿಸ್ ದೇಶದ ವಾಲಿಸ್ ಸೀಮೆಯ ಎತ್ತರದ ಹಳ್ಳಿ ಅದು. ಮಳೆ ಕಡಿಮೆ, ಬಿಸಿಲು ಧಾರಾಳ. ಹುಲ್ಲಿಗೆ ನೀರು ಬರಬೇಕಾದರೆ ಹಿಮನದಿಯ ಬಾಯಿಂದಲೇ ತರಬೇಕು. ಅದಕ್ಕಾಗಿ ಹಿಂದಿನವರು ಕಡಿದಾದ ಬಂಡೆಯ ಮೈಗೆ ಹಲಗೆಗಳನ್ನು ತೂಗುಹಾಕಿ ಕಾಲುವೆ ಹರಿಸಿದರು. ಬಂಡೆ ಮುಗಿಯುವಲ್ಲಿ ಒಂದು ಪುಟ್ಟ ನೀರುಚಕ್ರವಿದೆ. ಚಕ್ರ ತಿರುಗಿದಂತೆಲ್ಲ ಮರದ ಸುತ್ತಿಗೆಯೊಂದು ಎದ್ದು ಹಲಗೆಯ ಮೇಲೆ ಬೀಳುತ್ತದೆ. ಟಕ್, ಟಕ್, ಟಕ್. ಹಿಮ ಕರಗಿದಾಗಿನಿಂದ ಮತ್ತೆ ಹಿಮ ಬೀಳುವವರೆಗೆ ಈ ಸದ್ದು ಊರಿನ ಕಿವಿಯಲ್ಲಿ ಇದ್ದೇ ಇರುತ್ತದೆ. ಸದ್ದು ಇರುವವರೆಗೆ ನೀರು ಬರುತ್ತಿದೆ, ಎಲ್ಲ ಸರಿಯಿದೆ. ಸದ್ದು ನಿಂತರೆ ಮೇಲೆಲ್ಲೋ ನೀರು ದಾರಿ ತಪ್ಪಿ ಇಳಿಜಾರಿಗೆ ನುಗ್ಗಿದೆ. ಮಣ್ಣು ಜಾರಿ ಕೆಳಗಿನ ಮನೆಗಳ ಮೇಲೆ ಬೀಳುವ ಮೊದಲು ಯಾರಾದರೂ ಹತ್ತಿ ಹೋಗಿ ತೂಬು ತಿರುಗಿಸಬೇಕು.

ಎಲ್ಮಾರನ ತಂದೆ ಥಿಯೋಡುಲ್ ರುಪ್ಪನ್ ಆ ಕಾಲುವೆಯ ನೀರುಗಂಟಿ. ಹೀಗಾಗಿ ಎಲ್ಮಾರ್ ತೊಟ್ಟಿಲಲ್ಲಿದ್ದಾಗಲೇ ಸುತ್ತಿಗೆಯ ಸದ್ದಿಗೆ ನಿದ್ದೆಹೋಗುವುದನ್ನೂ ಅದು ನಿಂತರೆ ಎಚ್ಚರಗೊಳ್ಳುವುದನ್ನೂ ಕಲಿತ. ಕಲಿತ ಎನ್ನುವುದೂ ತಪ್ಪು. ಹಾಲು ಕುಡಿಯುವುದನ್ನು ಯಾರೂ ಮಗುವಿಗೆ ಕಲಿಸುವುದಿಲ್ಲ. ಬಿರ್ಕೆಗ್‌ನಲ್ಲಿ ಸುತ್ತಿಗೆಯ ವಿಷಯವನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಹೇಳಬೇಕಾದ ಸಂಗತಿ ಎಂದೇ ಅವರಿಗೆ ಅನ್ನಿಸಿಲ್ಲ. ಮುಂದೆ ಎಲ್ಮಾರನಿಗೆ ಒದಗಿದ ಕಷ್ಟಕ್ಕೆಲ್ಲ ಇದೇ ಮೂಲ.

ಅವನು ಫುಟ್‌ಬಾಲಿನಲ್ಲಿ ರಕ್ಷಣೆಯ ಆಟಗಾರನಾದದ್ದಕ್ಕೂ ಊರಿನ ನೆಲವೇ ಕಾರಣ. ಬಿರ್ಕೆಗ್‌ನ ಮೈದಾನ ಒಂದು ಕಡೆಗೆ ವಾಲಿದೆ. ಕೆಳಗಿನ ಗೋಲಿನ ಹಿಂದೆ ಬಲೆಯಿಲ್ಲ, ಕಮರಿಯಿದೆ. ಚೆಂಡನ್ನು ಬಿಟ್ಟವನೇ ಇಳಿದು ಹೋಗಿ ತರಬೇಕೆಂಬುದು ನಿಯಮ. ಎಲ್ಮಾರ್ ಒಮ್ಮೆ ಇಳಿದು ಹೋದ, ಸಂಜೆಯೂಟಕ್ಕೆ ಮರಳಿದ, ಆಮೇಲೆ ಚೆಂಡು ಬಿಡುವುದನ್ನೇ ನಿಲ್ಲಿಸಿದ. ಕೆಳಗಿನ ಕಣಿವೆಯ ತಂಡದವರು ಅವನನ್ನು ಕರೆಸಿಕೊಂಡರು. ಅಲ್ಲಿಂದ ಸರೋವರದ ದಂಡೆಯ ಪಟ್ಟಣದ ವೃತ್ತಿಪರ ಕ್ಲಬ್ಬಿನವರು ಕೇಳಿಕೊಂಡು ಬಂದರು.

"ಚೆಂಡು ಒದ್ದರೆ ಸಂಬಳ ಕೊಡ್ತಾರಾ?" ಎಂದು ಥಿಯೋಡುಲ್ ಕೇಳಿದ.

"ಕೊಡ್ತಾರಂತೆ, ಅಪ್ಪ."

"ಎಷ್ಟು ದಿನ?"

"ಕಾಲು ಗಟ್ಟಿ ಇರೋವರೆಗೂ."

"ಹಾಗಾದ್ರೆ ಕೈಗೂ ಒಂದು ಕೆಲಸ ಕಲಿಸಿಟ್ಟುಕೋ."

ಹುಡುಗ ಬಡಗಿಯ ಕೆಲಸಕ್ಕೆ ಸೇರಿ, ತರಬೇತಿಯ ವರ್ಷಗಳನ್ನು ಮುಗಿಸಿ, ಪ್ರಮಾಣಪತ್ರ ಪಡೆದೇ ಪೂರ್ಣಕಾಲದ ಆಟಕ್ಕೆ ಇಳಿದ. ಆ ಕ್ಲಬ್ಬಿನಲ್ಲಿ ಹೀಗೆ ಕೈಕಸುಬು ಇದ್ದವನು ಅವನೊಬ್ಬನೇ ಅಲ್ಲ. ಆದರೆ ಬಟ್ಟೆ ಬದಲಿಸುವ ಕೋಣೆಯ ಬೆಂಚುಗಳ ಕಾಲು ಅಲ್ಲಾಡಿದರೆ ಯಾರಿಗೂ ಹೇಳದೆ ಮರುದಿನ ಆಣಿ ತಂದು ಬಿಗಿಯುತ್ತಿದ್ದವನು ಅವನೊಬ್ಬನೇ.

ಪಟ್ಟಣ ಅರ್ಧ ಜರ್ಮನ್, ಅರ್ಧ ಫ್ರೆಂಚ್ ಆಡುತ್ತಿತ್ತು. ಎಲ್ಮಾರನ ಮಲೆಯ ಜರ್ಮನ್ ಆ ಎರಡು ಅರ್ಧಕ್ಕೂ ಅರ್ಥವಾಗುತ್ತಿರಲಿಲ್ಲ. ಗೋಲ್‌ಕೀಪರ್ ಗ್ರೆಗ್ವಾರ್ ಫ್ರೆಂಚ್ ಆಡುವವನು. ಜರ್ಮನ್ನಿನಲ್ಲಿ ಅವನಿಗೆ ಬರುತ್ತಿದ್ದದ್ದು ಬಿಯರಿಗೆ ಸಂಬಂಧಿಸಿದ ಮಾತುಗಳು ಮಾತ್ರ. ಎಡಗಡೆಯ ರಕ್ಷಣೆಗೆ ನಿಂತ ಹೊಸ ಹುಡುಗ ಆಟ ಶುರುವಾದ ಗಳಿಗೆಯಿಂದ ಒಂದೇ ಸಮನೆ ಏನೋ ಗೊಣಗುತ್ತಿದ್ದುದನ್ನು ಅವನು ಕಂಡ. ಹುಡುಗ ತನ್ನ ಊರಿನ ಮಾತಿನಲ್ಲಿ "ಸರಿಯಿದೆ, ಸರಿಯಿದೆ, ಸರಿಯಿದೆ" ಎನ್ನುತ್ತಿದ್ದ. ಕೂಗಾಟವಲ್ಲ, ಹಿಂದಿರುವವನಿಗೆ ಮುಟ್ಟುವಷ್ಟೇ ದನಿ.

"ಏನ್ ಹೇಳ್ತಾನೋ ದೇವರಿಗೇ ಗೊತ್ತು," ಎಂದು ಗ್ರೆಗ್ವಾರ್ ತನ್ನವರ ಹತ್ತಿರ ನಗೆಯಾಡಿದ. "ಜಪ ಮಾಡ್ತಾನೋ, ಲೆಕ್ಕ ಹಾಕ್ತಾನೋ."

ಆದರೆ ಗ್ರೆಗ್ವಾರ್ ದಡ್ಡನಲ್ಲ. ಕೆಲವು ಪಂದ್ಯ ಕಳೆಯುವಷ್ಟರಲ್ಲಿ ಅವನಿಗೆ ಒಂದು ಸಂಗತಿ ಹೊಳೆಯಿತು. ಆಪತ್ತು ಬಂದಾಗ ಬೇರೆಲ್ಲ ಆಟಗಾರರು ಅರಚುತ್ತಾರೆ. ಈ ಹುಡುಗ ಬಾಯಿ ಮುಚ್ಚುತ್ತಾನೆ. ಅವನ ಜಪ ನಿಂತಿತೆಂದರೆ ಎಲ್ಲೋ ಕಾವಲು ಸಡಿಲವಾಗಿದೆ. ಅದು ಎಡಗಡೆಯೇ ಆಗಬೇಕಿಲ್ಲ, ಮೈದಾನದ ಯಾವ ಮೂಲೆಯೂ ಆಗಬಹುದು. ಅರಚಾಟ ಜನರ ಗದ್ದಲದಲ್ಲಿ ಮುಳುಗಿಹೋಗುತ್ತದೆ. ನಿಂತುಹೋದ ಸದ್ದು ಮುಳುಗುವುದಿಲ್ಲ. ಗ್ರೆಗ್ವಾರ್ ಆ ನಿಶ್ಶಬ್ದ ಕೇಳಿದೊಡನೆ ಗೋಲು ಬಿಟ್ಟು ಮುಂದೆ ನುಗ್ಗತೊಡಗಿದ. ಮುಂದೆ ಏನಾಗಲಿದೆಯೆಂದು ಮೊದಲೇ ಊಹಿಸುತ್ತಾನೆ ಎಂದು ಪತ್ರಿಕೆಗಳು ಅವನನ್ನು ಹೊಗಳಿದವು. ಅವನು ಯಾರಿಗೂ ಗುಟ್ಟು ಬಿಡಲಿಲ್ಲ. "ಹೇಳಿದ್ರೆ ನನ್ನ ಸಂಬಳದಲ್ಲಿ ಅರ್ಧ ಅವನಿಗೆ ಹೋಗುತ್ತೆ," ಎಂದು ಹೆಂಡತಿಯ ಹತ್ತಿರ ಮಾತ್ರ ಅಂದಿದ್ದನಂತೆ.

ಹೀಗೆ ಇಬ್ಬರೂ ಒಬ್ಬರ ಭಾಷೆ ಒಬ್ಬರು ಕಲಿಯದೆ ಎಷ್ಟೋ ವರ್ಷ ಜೊತೆಯಾಗಿ ದುಡಿದರು. ಕ್ಲಬ್ಬು ಎರಡು ಸಲ ಮೇಲಿನ ದರ್ಜೆಗೆ ಏರಿತು, ಎರಡು ಸಲ ಇಳಿಯಿತು. ಎಲ್ಮಾರ್ ಏರಿದಾಗ ಹಾರಾಡಲಿಲ್ಲ, ಇಳಿದಾಗ ಬೇರೆ ಕ್ಲಬ್ಬು ಹುಡುಕಲಿಲ್ಲ. ಹಲ್ಲಿನ ವೈದ್ಯರ ಬಳಿ ಕೆಲಸಕ್ಕಿದ್ದ ರೆಗುಲಾಳನ್ನು ಮದುವೆಯಾದ. ರಾಷ್ಟ್ರೀಯ ತಂಡದಿಂದ ಒಮ್ಮೆ ಕರೆ ಬಂತು. ಕೊರೆಯುವ ಚಳಿಯಲ್ಲಿ ಒಂದು ಸೌಹಾರ್ದ ಪಂದ್ಯ. ಕೊನೆಯವರೆಗೂ ಯಾರೂ ಅವನಿಗೆ ಮೇಲಂಗಿ ಕಳಚಲು ಹೇಳಲಿಲ್ಲ. ಊರಿಗೆ ಬಂದಾಗ ಎಲ್ಲರೂ ಸುತ್ತ ಕೂತು ಹೇಗಿತ್ತೆಂದು ಕೇಳಿದರು. "ಕೂರಿಸಿದ್ದ ಕುರ್ಚಿ ಪ್ಲಾಸ್ಟಿಕ್ಕಿಂದು, ಜೋಡಣೆ ಸಡಿಲ," ಎಂದಷ್ಟೇ ಹೇಳಿದ. ಇದರಲ್ಲಿ ಕಹಿ ಹುಡುಕಿದವರಿಗೆ ಕಹಿ ಸಿಗಲಿಲ್ಲ. ಸಡಿಲವಾಗಿತ್ತು, ಹೇಳಿದ, ಅಷ್ಟೆ.

ಅವನ ಮೂವತ್ತಮೂರನೆಯ ಚಳಿಗಾಲದಲ್ಲಿ ಗ್ರೆಗ್ವಾರನ ಮೊಣಕಾಲು ಕೈಕೊಟ್ಟಿತು. ಅವನ ಜಾಗಕ್ಕೆ ಲಿರಿಡಾನ್ ಬಂದ. ಕೊಸೊವೊದಿಂದ ವಲಸೆ ಬಂದು ಛಾವಣಿ ಹೊದಿಸುವ ಕೆಲಸ ಮಾಡುವವನ ಮಗ. ಎತ್ತರದ ಆಳು, ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ಎಲ್ಮಾರನನ್ನು ಮೊದಲ ದಿನವೇ "ಅಜ್ಜ" ಎಂದು ಕರೆದ. ತರಬೇತಿಯಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಅಲ್ಲಿ ನಿಜವಾದ ಅಪಾಯವಿರುವುದಿಲ್ಲ, ಆದ್ದರಿಂದ ಎಲ್ಮಾರ್ ಅಲ್ಲಿ ಸುಮ್ಮನಾಗುತ್ತಲೂ ಇರಲಿಲ್ಲ.

ಮೊದಲ ಪಂದ್ಯದಲ್ಲೇ ಎಡವಟ್ಟಾಯಿತು. ಎಲ್ಮಾರ್ ಸುಮ್ಮನಾದ. ಲಿರಿಡಾನ್, ಅಜ್ಜನಿಗೆ ಕೊನೆಗೂ ಬಾಯಿ ನೋಯಿತು ಎಂದುಕೊಂಡು ಗೋಲಿನಲ್ಲೇ ನಿಂತ. ಬಲಗಡೆಯಿಂದ ನುಸುಳಿದವನು ಆರಾಮವಾಗಿ ಚೆಂಡು ಒಳಗೆ ತಳ್ಳಿದ. ಮುಂದಿನ ಪಂದ್ಯಗಳಲ್ಲೂ ಇದೇ ಕಥೆ.

"ನಿನ್ನ ನಾಲಿಗೆ ಎಲ್ಲಿ ಹೋಗಿತ್ತು?" ಲಿರಿಡಾನ್ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೈಗವಸು ಎಸೆದ. "ಬೇಡದಾಗ ವಟವಟ ಅಂತೀಯ, ಬೇಕಾದಾಗ ಬಾಯಿಗೆ ಬೀಗ!"

"ನೀನು ಯಾಕೆ ಹೊರಗೆ ಬರಲಿಲ್ಲ?"

"ಬಾ ಅಂತ ಯಾರು ಕರೆದರು?"

ಎಲ್ಮಾರನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಯಾಕೆ ಹೊರಗೆ ಬರಲಿಲ್ಲವೆಂದರೆ, ಕರೆಯಲಿಲ್ಲ ಎನ್ನುವವನಿಗೆ ಏನು ಹೇಳುವುದು? ಹುಡುಗ ಸೋಮಾರಿ ಎಂದುಕೊಂಡ. ಹುಡುಗ ಅವನನ್ನು ಹೇಡಿ ಎಂದುಕೊಂಡ. ಇಬ್ಬರೂ ತಪ್ಪು; ಆದರೆ ಹೆಚ್ಚಿನ ತಪ್ಪು ಎಲ್ಮಾರನದೇ. ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಾಗಿದ್ದನ್ನು ಅವನು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಅದು ಹೇಳಬೇಕಾದ ವಿಷಯವೆಂದು ಅವನಿಗೆ ಹೊಳೆಯಲೇ ಇಲ್ಲ. ಬಿರ್ಕೆಗ್‌ನಲ್ಲಿ ಹುಟ್ಟಿದವರು ಮಾತ್ರ ಮಾಡಬಲ್ಲ ತಪ್ಪು ಅದು.

ಕೋಚ್ ಏಗರ್ಟರ್ ಬರ್ನ್ ಕಡೆಯ ಶಿಸ್ತಿನ ಮನುಷ್ಯ. ಎಲ್ಮಾರನನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿ, ನಿಧಾನವಾಗಿ ಹೇಳಿದ: "ರುಪ್ಪನ್, ಅಪಾಯ ಬಂದಾಗ ಕೂಗೋದು ಡಿಫೆಂಡರ್ ಕೆಲಸ. ಕೂಗ್ತೀಯೋ, ಹೊರಗೆ ಕೂರ್ತೀಯೋ?"

ಎಲ್ಮಾರ್ ಕೂಗಲು ಪ್ರಯತ್ನಪಟ್ಟ. ನೋಡಬಾರದಾಗಿತ್ತು ಅದನ್ನು. ಯಾವ ಮಾತು ಕೂಗಬೇಕೆಂದು ಹುಡುಕುವಷ್ಟರಲ್ಲಿ ಕಾಲು ತಡವಾಗುತ್ತಿತ್ತು. ಎಂದೂ ದಾಟದವರು ಅವನನ್ನು ದಾಟಿಹೋದರು. ಪ್ರೇಕ್ಷಕರು ಶಿಳ್ಳೆ ಹಾಕಿದರು. ಒಂದು ಪತ್ರಿಕೆ 'ಮೂಕಾಸುರ' ಎಂದು ಬರೆಯಿತು. ಹಿಮ ಕರಗುವ ಹೊತ್ತಿಗೆ ಅವನು ಬದಲಿ ಆಟಗಾರರ ಸಾಲಿನಲ್ಲಿದ್ದ. ಬೇಸಿಗೆಯ ಮೊದಲ ತಿಂಗಳಿಗೆ ಒಪ್ಪಂದ ಮುಗಿಯುತ್ತಿತ್ತು. ಮತ್ತೊಮ್ಮೆ ಮೈದಾನಕ್ಕೆ ಇಳಿಯದಿದ್ದರೆ, ಅಷ್ಟು ವರ್ಷ ಪಟ್ಟಣದ ಗೋಲು ಕಾದವನು ಅಪಾಯ ಬಂದಾಗ ಬಾಯಿ ಮುಚ್ಚಿದವನೆಂಬ ಹೆಸರು ಹೊತ್ತು ಹೋಗಬೇಕಾಗಿತ್ತು. ಇದು ಅವನನ್ನು ಒಳಗೊಳಗೇ ಕೊರೆಯಿತು. ರೆಗುಲಾ ಹೇಳುವ ಪ್ರಕಾರ ಆ ತಿಂಗಳಲ್ಲಿ ಅವನು ಮನೆಯ ಎಲ್ಲ ಬಾಗಿಲುಗಳನ್ನೂ ಕಳಚಿ, ಉಜ್ಜಿ, ಮತ್ತೆ ಕೂಡಿಸಿದ. ಯಾವುದೂ ಕೆಟ್ಟಿರಲಿಲ್ಲ.

ಬಿರ್ಕೆಗ್‌ನಲ್ಲಿ ಕಾಲುವೆಗೆ ನೀರು ಬಿಡುವ ಮೊದಲು ಊರೆಲ್ಲ ಸೇರಿ ಹೂಳು ತೆಗೆದು ಹಲಗೆ ಸರಿಪಡಿಸುವ ದಿನವೊಂದಿದೆ. ಮನೆಗೆ ಇಬ್ಬರಂತೆ ಆಳು ಬರಬೇಕು. ಆ ವರ್ಷ ಥಿಯೋಡುಲನಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿತ್ತು. ತರಬೇತಿ ಮುಗಿದ ಮೇಲೆ ಎಲ್ಮಾರ್ ಕೋಣೆಯಲ್ಲಿದ್ದವರನ್ನೆಲ್ಲ ನೋಡಿ ಕೇಳಿದ: "ಯಾರಿಗಾದ್ರೂ ಸಲಿಕೆ ಹಿಡಿಯೋಕೆ ಬರುತ್ತಾ? ಶನಿವಾರ. ಊಟ ಹಾಕ್ತಾರೆ. ಎತ್ತರಕ್ಕೆ ಹೆದರೋರು ಬೇಡ."

ಯಾರೂ ತಲೆಯೆತ್ತಲಿಲ್ಲ.

"ನಾನು ಬರ್ತೀನಿ," ಎಂದ ಲಿರಿಡಾನ್. "ಛಾವಣಿ ಮೇಲೆ ಬೆಳೆದೋನು ನಾನು. ಅಲ್ಲಾದ್ರೂ ನಿನ್ನ ಮೇಲೆ ಹೊಟ್ಟೆತುಂಬ ಕೂಗಬಹುದು, ಅಜ್ಜ. ಕೋಚ್ ಇರಲ್ಲ."

ಶನಿವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಇಬ್ಬರೂ ಬಂಡೆಯ ಮೈಗೆ ಅಂಟಿ ಕೆಲಸ ಮಾಡಿದರು. ಲಿರಿಡಾನ್ ಮಾತಾಡುತ್ತಲೇ ಇದ್ದ, ಆದರೆ ಅವನ ಸಲಿಕೆಯೂ ನಿಲ್ಲಲಿಲ್ಲ. ಕೆಳಗೆ ನೋಡಿದರೆ ತಲೆತಿರುಗುವ ಜಾಗದಲ್ಲಿ ಒಂಟಿ ಹಲಗೆಯ ಮೇಲೆ ಕೂತು ಬೂಟಿನೊಳಗಿನ ಕಲ್ಲು ಕೊಡವಿದ್ದನ್ನು ಕಂಡು ಊರಿನವರು ಅವನನ್ನು ಒಪ್ಪಿಕೊಂಡರು. ಮಧ್ಯಾಹ್ನ ನೀರು ಬಿಟ್ಟರು. ಚಕ್ರ ಸ್ವಲ್ಪ ಹಿಂದೆಮುಂದೆ ನೋಡಿ, ತಿರುಗಿತು. ಸುತ್ತಿಗೆ ಬಡಿಯತೊಡಗಿತು. ಎಲ್ಲರೂ ಹುಲ್ಲಿನ ಮೇಲೆ ಊಟಕ್ಕೆ ಕೂತರು: ರೈ ಹಿಟ್ಟಿನ ಗಟ್ಟಿ ರೊಟ್ಟಿ, ತೆಳ್ಳಗೆ ಕೊಯ್ದ ಒಣಮಾಂಸ, ಚೀಸು, ಕಣಿವೆಯ ಬಿಳಿ ದ್ರಾಕ್ಷಾರಸ.

"ಈ ದರಿದ್ರ ಸದ್ದು ನಿಲ್ಲೋದೇ ಇಲ್ವಾ?" ಎಂದು ಲಿರಿಡಾನ್ ಕೇಳಿದ.

"ನಿಲ್ಲದಿದ್ರೆ ಸಾಕು," ಎಂದಳು ಫಿಲೊಮೆನ. ಊರಿನ ಹಿರಿಯಳು, ಮೂಗು ತೂರಿಸದ ಜಾಗವಿಲ್ಲ. ಚೀಸು ಕೊಯ್ಯುತ್ತ ಲಿರಿಡಾನನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇ ಏನಪ್ಪಾ ಚೆಂಡು ಹಿಡಿಯೋನು? ಟೀವೀಲಿ ನೋಡಿದೆ. ಹಿಡಿಯಲಿಲ್ಲವಲ್ಲ?"

"ನಿಮ್ಮೂರ ಹುಡುಗ ಬಾಯಿ ಬಿಟ್ಟಿದ್ರೆ ಹಿಡೀತಿದ್ದೆ, ಅಜ್ಜಿ."

"ಬಾಯಿ ಬಿಟ್ಟರೆ ಚೀಸು ಹೋಗುತ್ತೆ, ಚೆಂಡು ಹೋಗಲ್ಲ. ತಿನ್ನು."

"ಬಿಡಿ ಫಿಲೊಮೆನತ್ತೆ, ಅವನು ಮಧ್ಯಾಹ್ನದವರೆಗೂ ಚೆನ್ನಾಗಿ ದುಡಿದಿದಾನೆ," ಎಂದ ಎಲ್ಮಾರ್.

"ದುಡಿದದ್ದು ಕಂಡೆ. ಅದಕ್ಕೇ ದೊಡ್ಡ ತುಂಡು ಕೊಟ್ಟಿರೋದು. ನಿನಗೆ ಸಣ್ಣದು, ನೀನು ಈಗ ಬರೀ ಕೂರೋ ಕೆಲಸದಲ್ಲಿದ್ದೀಯಂತೆ—"

ಅಲ್ಲಿಗೆ ಫಿಲೊಮೆನಳ ಮಾತು ತುಂಡಾಯಿತು. ಅವಳು ಎದ್ದು ನಿಂತಿದ್ದಳು. ಎಲ್ಲರೂ ಎದ್ದು ನಿಂತಿದ್ದರು. ಬಟ್ಟಲು ಹಿಡಿದವರು ಬಟ್ಟಲು ಕೆಳಗಿಟ್ಟರು, ರೊಟ್ಟಿ ಮುರಿಯುತ್ತಿದ್ದವರು ಅರ್ಧಕ್ಕೇ ಬಿಟ್ಟರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗಂಡಸರು ಕಾಡಿನ ದಾರಿ ಹತ್ತುತ್ತಿದ್ದರು. ಹೆಂಗಸರು ಕೆಳಗಿನ ಮನೆಗಳ ಕಡೆ ಇಳಿಯುತ್ತಿದ್ದರು. ಫಿಲೊಮೆನ ಬಾಯಲ್ಲಿದ್ದದ್ದನ್ನು ಅಗಿಯುತ್ತಲೇ ಸಲಿಕೆ ಎತ್ತಿಕೊಂಡು ಎಲ್ಮಾರನ ಹಿಂದೆ ನಡೆದಳು. ಹುಲ್ಲಿನ ಮೇಲೆ ಉಳಿದವರು ಇಬ್ಬರು: ಚೀಸು ಹಿಡಿದ ಲಿರಿಡಾನ್, ಊರುಗೋಲು ಹಿಡಿದ ಥಿಯೋಡುಲ್.

"ಏನಾಯ್ತು ಯಜಮಾನ್ರೇ? ಯಾರೂ ಏನೂ ಹೇಳಲಿಲ್ಲವಲ್ಲ!"

"ಹೇಳ್ತಲ್ಲ."

"ಯಾರು?"

ಮುದುಕ ಬಂಡೆಯ ಕಡೆ ಗದ್ದ ಎತ್ತಿದ. "ಸುಮ್ಮನಾಯ್ತಲ್ಲ, ಕೇಳಲಿಲ್ವಾ? ಕಿವಿ ಚೆನ್ನಾಗಿದೆ ತಾನೇ?"

ಲಿರಿಡಾನ್ ಕಿವಿಗೊಟ್ಟ. ಊಟಕ್ಕೆ ಕೂತಾಗಿನಿಂದ ಅವನು ಬೈದುಕೊಳ್ಳುತ್ತಿದ್ದ ಸದ್ದು ಇರಲಿಲ್ಲ. ಕೈಯಲ್ಲಿದ್ದ ಚೀಸನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಮುದುಕನ ಕೈಗೆ ತುರುಕಿ, ದಾರಿಯುದ್ದಕ್ಕೂ ಜೋರಾಗಿ ಬೈಯುತ್ತ ಮೇಲಕ್ಕೆ ಓಡಿದ.

ಹಿಮದಲ್ಲಿ ಮುರಿದ ಮರದ ಕಾಂಡವೊಂದು ಉರುಳಿ ಹಲಗೆ ಸೀಳಿತ್ತು. ಲಿರಿಡಾನ್ ಬರುವಷ್ಟರಲ್ಲಿ ತೂಬು ತಿರುಗಿಸಿಯಾಗಿತ್ತು. ಕಾಂಡಕ್ಕೆ ಭುಜ ಕೊಟ್ಟು ತಳ್ಳುವಾಗ ಅವನು ಎಲ್ಮಾರನ ಪಕ್ಕದಲ್ಲಿದ್ದ.

"ಅದೇನಾ ನೀನು ಮಾಡ್ತಾ ಇದ್ದದ್ದು?" ಏದುಸಿರಿನಲ್ಲೇ ಕೇಳಿದ. "ಮೈದಾನದಲ್ಲಿ?"

"ಯಾವುದು?"

"ಸರಿಯಿದೆ ಸರಿಯಿದೆ ಅನ್ನೋದು! ಆಮೇಲೆ ನಿಲ್ಲಿಸೋದು!"

"ಹೂಂ. ಮತ್ತೇನು?"

"ನನಗ್ಯಾಕೆ ಹೇಳಲಿಲ್ಲ, ಪುಣ್ಯಾತ್ಮ? ಇಷ್ಟು ಗೋಲು ಬಿಟ್ಟೆ! ನನ್ನಪ್ಪ ನನ್ನ ಜೊತೆ ಮಾತು ಬಿಟ್ಟಿದಾನೆ!"

ಎಲ್ಮಾರ್ ಕಾಂಡ ತಳ್ಳುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಹೇಳಬೇಕಾಗಿತ್ತಾ?"

ಹಿಂದಿನಿಂದ ಫಿಲೊಮೆನ ಅಂದಳು: "ನಮ್ಮ ಸೀಮೆ ಹೊರಗಿನ ಸ್ವಿಸ್ಸರಿಗೆ ಎಲ್ಲಾನೂ ಬಿಡಿಸಿ ಹೇಳಬೇಕು ಕಣೋ. ತಳ್ಳಿ, ತಳ್ಳಿ."

ಕೊಸೊವೊದವನ ಮಗನಿಗೆ ಅದುವರೆಗೆ ಯಾರೂ ಅಷ್ಟು ಸಲೀಸಾಗಿ ಸ್ವಿಸ್ ಎಂದಿರಲಿಲ್ಲ. ಅವನು ತಳ್ಳಿದ.

ಲಿರಿಡಾನ್ ಸೋಮವಾರವೇ ಕೋಚ್ ಬಳಿ ಹೋಗಿ, ಎಲ್ಮಾರ್ ಬೇಕು ಎಂದ. ಏಗರ್ಟರ್ ಒಪ್ಪಲಿಲ್ಲ. ಕಾಲುವೆ, ಸುತ್ತಿಗೆ ಎಂದೆಲ್ಲ ಹುಡುಗ ವಿವರಿಸಿದಾಗ, "ಇಬ್ಬರೂ ದ್ರಾಕ್ಷಾರಸ ಜಾಸ್ತಿ ಕುಡಿದಿದ್ದೀರಿ," ಎಂದು ಬಾಗಿಲು ತೋರಿಸಿದ. ಹೀಗೆ ಕೊನೆಯ ಪಂದ್ಯದವರೆಗೂ ಎಲ್ಮಾರ್ ಬೆಂಚಿನಲ್ಲೇ ಉಳಿದ. ಆ ಪಂದ್ಯದಲ್ಲಿ ಸೋಲದಿದ್ದರೆ ಕ್ಲಬ್ಬು ದರ್ಜೆ ಉಳಿಸಿಕೊಳ್ಳುತ್ತಿತ್ತು. ಸೋತರೆ ವೃತ್ತಿಪರ ಆಟದಿಂದಲೇ ಕೆಳಗೆ.

ಎರಡನೆಯ ಅರ್ಧದಲ್ಲಿ, ಎರಡೂ ಕಡೆ ಒಂದೊಂದು ಗೋಲು ಇದ್ದಾಗ, ಎಡಗಡೆ ಆಡುತ್ತಿದ್ದ ಹುಡುಗ ತೊಡೆ ಹಿಡಿದುಕೊಂಡು ಕೂತ. ಏಗರ್ಟರ್ ಸಾಲನ್ನು ನೋಡಿದ. ಬೇರೆ ಯಾರೂ ಇರಲಿಲ್ಲ.

"ರುಪ್ಪನ್, ಕೂಗು," ಎಂದ.

"ಆಗಲಿ," ಎಂದ ಎಲ್ಮಾರ್. ಮೈದಾನಕ್ಕೆ ಇಳಿದ ಕೂಡಲೇ ಶುರುಮಾಡಿದ: ಸರಿಯಿದೆ, ಸರಿಯಿದೆ, ಸರಿಯಿದೆ. ಹಿಂದೆ ಲಿರಿಡಾನ್ ಹೆಗಲು ಸಡಿಲಿಸಿದ. ಶಿಳ್ಳೆ ಕೇಳಿಸಿತು, ಇಬ್ಬರೂ ಗಮನ ಕೊಡಲಿಲ್ಲ.

ಆಟ ಮುಗಿಯುತ್ತ ಬಂದಾಗ ಚೆಂಡು ಎದುರಾಳಿಗಳ ಅರ್ಧದಲ್ಲಿತ್ತು. ಅಪಾಯದ ಸುಳಿವೂ ಇರಲಿಲ್ಲ; ಪಟ್ಟಣದವರು ಹಾಡುತ್ತಿದ್ದರು. ಎಲ್ಮಾರ್ ಬಲಗಡೆಗೆ ಒಮ್ಮೆ ನೋಡಿದ. ಅಲ್ಲಿನ ಕಾವಲಿನವನು ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಸರಿದಿದ್ದ. ಎಲ್ಮಾರ್ ಸುಮ್ಮನಾದ.

ಲಿರಿಡಾನ್ ಓಡಿದ. ಚೆಂಡನ್ನು ಇನ್ನೂ ಯಾರೂ ಒದ್ದಿರಲಿಲ್ಲ, ಅವನು ಓಡುತ್ತಿದ್ದ. ಜನರ ಹಾಡು ನಿಂತಿತು. ಗೋಲ್‌ಕೀಪರಿಗೆ ಹುಚ್ಚು ಹಿಡಿಯಿತೆಂದೇ ಎಲ್ಲರೂ ಭಾವಿಸಿದರು. ಆಗ ಬಂತು ಉದ್ದನೆಯ ಹೊಡೆತ, ಬಲಗಡೆಯ ಆ ಬಿರುಕಿನ ಮೂಲಕ. ಎದುರಾಳಿ ಒಂಟಿಯಾಗಿ ನುಗ್ಗಿ ತಲೆಯೆತ್ತಿದಾಗ ಚೆಂಡು ಲಿರಿಡಾನನ ಎದೆಗೆ ಅಂಟಿತ್ತು.

"ಸರಿಯಿದೆ," ಎಂದು ಎಲ್ಮಾರ್ ಮತ್ತೆ ಶುರುಮಾಡಿದ.

ಕ್ಲಬ್ಬು ಉಳಿಯಿತು. ಜನ ಲಿರಿಡಾನನನ್ನು ಹೆಗಲ ಮೇಲೆ ಹೊತ್ತರು. ಪತ್ರಿಕೆ ಅವನ ಮುಂದಾಲೋಚನೆಯನ್ನು ಉದ್ದಕ್ಕೆ ಹೊಗಳಿತು. ಎಲ್ಮಾರನ ಹೆಸರು ಬದಲಿ ಆಟಗಾರರ ಸಾಲಿನಲ್ಲಿತ್ತು. ಲಿರಿಡಾನ್ ಗ್ರೆಗ್ವಾರನಂತೆ ಗುಟ್ಟು ಮಾಡಲಿಲ್ಲ, ಕಂಡಕಂಡವರಿಗೆಲ್ಲ ಹೇಳಿದ. ಯಾರೂ ನಂಬಲಿಲ್ಲ. ಏಗರ್ಟರ್ ಎಲ್ಮಾರನ ಬೆನ್ನು ತಟ್ಟಿ, "ಇನ್ನೊಂದು ವರ್ಷ ಇರು. ಆದ್ರೆ ಕೊನೆಯಲ್ಲಿ ಮತ್ತೆ ಬಾಯಿ ಮುಚ್ಚಿದೆ, ನೋಡಿದೆ ನಾನು. ಅದನ್ನ ತಿದ್ದಿಕೋ," ಎಂದ.

"ನೋಡೋಣ," ಎಂದ ಎಲ್ಮಾರ್.

ಆ ಒಂದು ವರ್ಷ ಅವನು ಪ್ರತಿ ಪಂದ್ಯವನ್ನೂ ಆಡಿದ, ಏನನ್ನೂ ತಿದ್ದಿಕೊಳ್ಳಲಿಲ್ಲ. ಅವನ ಕೊನೆಯ ಪಂದ್ಯದ ನಂತರ ಮೈದಾನದ ನಡುವೆ ಕ್ಲಬ್ಬಿನ ಅಧ್ಯಕ್ಷರು ಬೀಳ್ಕೊಡುಗೆಯೆಂದು ಅವನ ಕೊರಳಿಗೆ ಕಸೂತಿ ಪಟ್ಟಿಯ ದೊಡ್ಡ ಹಸುಗಂಟೆ ಹಾಕಿ, ಕೈಗೆ ಮೈಕು ಕೊಟ್ಟರು. ಜನ ಚಪ್ಪಾಳೆ ತಟ್ಟಿ, ಮಾತಿಗೆ ಕಾದರು. ಎಲ್ಮಾರ್ ಮೈಕನ್ನು ನೋಡಿದ. ಏನೂ ತೋಚಲಿಲ್ಲ. ಅವನು ಸುಮ್ಮನೆ ನಿಂತ. ನಿಂತೇ ಇದ್ದ.

ಆಗ ಗೋಲಿನ ಕಡೆಯಿಂದ ಲಿರಿಡಾನ್ ತೋಳು ಚಾಚಿಕೊಂಡು ಪ್ರಾಣ ಹೋಗುವಂತೆ ಓಡಿ ಬಂದ. ಹಿಂದೆಯೇ, ಒಂದು ವರ್ಷ ಎಲ್ಮಾರನ ಜೊತೆ ಆಡಿದ್ದ ರಕ್ಷಣೆಯವರೆಲ್ಲ ತಮ್ಮತಮ್ಮ ಜಾಗಕ್ಕೆ ನುಗ್ಗಿದರು. ಆಟ ಮುಗಿದ ಮೈದಾನದಲ್ಲಿ ಇವರಿಗೇನಾಯಿತೆಂದು ಜನ ಕಕ್ಕಾಬಿಕ್ಕಿಯಾದರು. ಏಗರ್ಟರ್ ಎಲ್ಮಾರನನ್ನೂ ಲಿರಿಡಾನನನ್ನೂ ಸರದಿಯಂತೆ ನೋಡಿದ, ನೋಡಿ ಮೆಲ್ಲಗೆ ಟೋಪಿ ತೆಗೆದ. ಮೇಲಿನ ಸಾಲಿನಲ್ಲಿ, ಕೈಯಲ್ಲಿ ಅರ್ಧ ತಿಂದ ಸಾಸೇಜು ಹಿಡಿದುಕೊಂಡು ಗ್ರೆಗ್ವಾರನೂ ತನಗೇ ಅರಿವಿಲ್ಲದಂತೆ ಎದ್ದು ನಿಂತಿದ್ದ.

"ಸರಿಯಿದೆ," ಎಂದ ಎಲ್ಮಾರ್ ಮೈಕಿನಲ್ಲಿ. ಅದನ್ನು ಅಧ್ಯಕ್ಷರ ಕೈಗೆ ಮರಳಿಸಿದ.

ಗ್ರೆಗ್ವಾರ್ ಕೂತು ಸಾಸೇಜು ಮುಗಿಸಿದ.